ಮೇಷ್ಟ್ರ ಅಂಗಿ

ಯುದ್ಧದ ಮೊದಲ ವರ್ಷ, ನವೆಂಬರ್ ೯

ಅತ್ತಿಗೆಯವರಿಗೆ,

ಈ ಅಂಗಿ ಕೊಡುವಾಗ ಲಾಂಡ್ರಿ ಅಜ್ಜಿ ‘ಕಾಲರ್ ಬಿಚ್ಚಿ ಹೊಲೀಬೇಕಂತೆ’ ಎಂದಿರುತ್ತಾಳೆ. ನೀವು ಬಿಚ್ಚಿದ್ದೀರಿ, ಅದಕ್ಕೇ ಇದನ್ನು ಓದುತ್ತಿದ್ದೀರಿ. ನಿಮ್ಮ ಯಜಮಾನರು ಕ್ಷೇಮ. ನನ್ನ ಬೆನ್ನ ಹಿಂದೆ ಕಾಗದದ ಕಟ್ಟುಗಳ ಮೇಲೆ ಕೂತು, ‘ಕಾಲರಿನೊಳಗೆ ಹಿಡಿಸೋ ಪತ್ರಕ್ಕೆ ಇಷ್ಟುದ್ದ ಪೀಠಿಕೆ ಯಾಕೋ’ ಎಂದು ಬೈಯುತ್ತಿದ್ದಾರೆ.

ಅವರು ಸ್ವಂತ ಕೈಯಿಂದ ಒಂದಕ್ಷರವನ್ನೂ ಬರೆಯುವಂತಿಲ್ಲ. ಶಾಲೆಯ ಹಾಜರಿ ಪುಸ್ತಕಗಳು ಸೈನಿಕರ ವಶದಲ್ಲಿವೆ. ಅವರ ಅಕ್ಷರ ಎಲ್ಲ ಠಾಣೆಗಳಿಗೂ ಪರಿಚಯ. ಆದ್ದರಿಂದ ಅವರು ಹೇಳುವುದು, ನಾನು ಬರೆಯುವುದು. ನಾನು ಈ ಪ್ರೆಸ್ಸಿನ ಕಂಪಾಸಿಟರ್. ಮೇಷ್ಟ್ರು ನನ್ನನ್ನು ‘ಮೊಳೆ’ ಎಂದು ಕರೆಯುತ್ತಾರೆ. ದಿನವೆಲ್ಲ ಅಚ್ಚಿನ ಮೊಳೆ ಜೋಡಿಸುತ್ತೇನೆ ಎಂದೋ, ನನ್ನ ಎತ್ತರ ನೋಡಿಯೋ ತಿಳಿಯದು.

ನಿಯಮ ಕೇಳಿ. ಹೆಸರು ಬರೆಯಬಾರದು. ಅಂಗಿ ಮೈಮೇಲೆ ಹಾಕಿ ಕೊಳೆಯಾದದ್ದೇ ಆಗಬೇಕು. ಶುಭ್ರವಾದದ್ದು ರಿಪೇರಿಗೆ ನದಿ ದಾಟಿದರೆ ಅನುಮಾನ. ಇರುವುದು ಎರಡು ಅಂಗಿ, ಒಂದು ನಿಮ್ಮಲ್ಲಿ, ಒಂದು ಇಲ್ಲಿ. ದೋಣಿಕಟ್ಟೆಯಲ್ಲಿ ಸೀಮೆಸುಣ್ಣದ ಗೀಟು ಬಿದ್ದ ಗಂಟನ್ನು ಸೈನಿಕರು ಬಿಚ್ಚುವುದಿಲ್ಲವಂತೆ. ನಮ್ಮ ಗಂಟಿಗೆ ಗೀಟು ಹೇಗೆ ಬೀಳುತ್ತದೆ ಎಂದು ಕೇಳಿದೆ. ‘ಒಂದು ಕೊಂಡಿಗೆ ಇನ್ನೊಂದು ಕೊಂಡಿ ಗೊತ್ತಿರಬಾರದು ಕಣೋ. ನನಗೊಬ್ಬನಿಗೆ ಗೊತ್ತಿದ್ರೆ ಸಾಕು’ ಎಂದರು.

ನಿನ್ನೆ ಮೊದಲ ಕರಪತ್ರ ಅಚ್ಚಾಯಿತು. ಮೊದಲ ಸಾಲು ಇದು: ‘ನಮ್ಮವರು ನಮ್ಮ ಕೈಯಿಂದ ಸಾಯಬಾರದು; ಅನುಮಾನ ಬಂದವನನ್ನು ಮೊದಲು ನನ್ನ ಮುಂದೆ ಕೂರಿಸಿ.’ ದಪ್ಪ ಅಕ್ಷರದಲ್ಲಿ ಹಾಕಿಸಿದರು.

ಮೊನ್ನೆ ತಂತಿಬೇಲಿ ದಾಟುವಾಗ ಎಡಗೈ ಗೀರಿಕೊಂಡಿದ್ದಾರೆ. ‘ಅದನ್ನೆಲ್ಲ ಬರೀಬೇಡ’ ಎಂದರು. ಬರೆದಿದ್ದೇನೆ.

ಮೊಳೆ


ನವೆಂಬರ್ ೨೭

ಮೊಳೆ,

ನೀನು ಬರೆದದ್ದು ಒಳ್ಳೆಯದಾಯಿತು. ಗಾಯವನ್ನು ಬಿಸಿನೀರಿನಲ್ಲಿ ತೊಳೆಯಲು ಹೇಳು. ಹೇಳಿದರೆ ಕೇಳುವವರಲ್ಲ, ನೀನೇ ಕೈ ಹಿಡಿದು ತೊಳೆ. ಇಡೀ ಶಾಲೆಗೆ ಲೆಕ್ಕ ಕಲಿಸಿದವರಿಗೆ ಬಿಸಿನೀರು ಎಂದರೆ ಭಯ.

ಎಡಗೈ ಕಫ್ಫು ಮತ್ತೆ ಜೂಲಾಗಿದೆ. ಎಡಚನನ್ನು ಕಟ್ಟಿಕೊಂಡು ನನ್ನ ಅರ್ಧ ಆಯುಸ್ಸು ಎಡಗೈ ಕಫ್ಫಿಗೇ ಹೋಯಿತು. ಕಪ್ಪುಹಲಗೆಗೆ ಎಡ ಮೊಣಕೈ ಊರಿ ನಿಲ್ಲುವ ಅಭ್ಯಾಸ. ಈಗ ಕಪ್ಪುಹಲಗೆ ಇಲ್ಲ, ಆದರೂ ಮೊಣಕೈ ಸವೆದಿದೆ. ಎಲ್ಲಿ ಊರುತ್ತಾರೋ.

ಹನ್ನೊಂದು ವರ್ಷ ಒಗೆದ ಅಂಗಿ. ಒಗೆಯುವ ಮೊದಲು ಅರ್ಧ ದಿನ ಸುಮ್ಮನೆ ಕುರ್ಚಿಯ ಬೆನ್ನಿಗೆ ಹಾಕಿ ಇಟ್ಟಿದ್ದೆ. ಇದನ್ನು ಅವರಿಗೆ ಓದಿ ಹೇಳಬೇಡ, ತಲೆ ಮೇಲೆ ಕೂರುತ್ತಾರೆ.

ಅತ್ತಿಗೆ


ಡಿಸೆಂಬರ್ ೧೬

ಅತ್ತಿಗೆ,

ಇದನ್ನು ಕಳಿಸುವುದಿಲ್ಲ. ಆದರೂ ಬರೆಯದೆ ಇರಲಾರೆ.

ಮೇಷ್ಟ್ರು ಹೋದರು. ಇವತ್ತಿಗೆ ಆರು ದಿನ. ನಿಮ್ಮ ಪತ್ರ ಬಂದ ದಿನವೇ ಬಿಸಿನೀರು ಕಾಯಿಸಿದೆ. ಗಾಯ ಆಗಲೇ ಒಣಗಿತ್ತು, ನಕ್ಕುಬಿಟ್ಟರು. ನಾಲ್ಕು ದಿನ ಬಿಟ್ಟು ದವಡೆ ಬಿಗಿಯಿತು. ನಮ್ಮ ಕಂಪೌಂಡರ್ ನೋಡಿ ‘ಧನುರ್ವಾಯು’ ಎಂದರು. ಔಷಧವೆಲ್ಲ ಸೈನಿಕರ ಆಸ್ಪತ್ರೆಯಲ್ಲಿ. ಬಾಯಿ ತೆರೆಯಲಾಗದೆ ಕಣ್ಣಿನಲ್ಲೇ ಏನೋ ಹೇಳುತ್ತಿದ್ದರು. ಊರನ್ನೇ ಮಾತಿನಿಂದ ಎಬ್ಬಿಸಿದವರು ಅತ್ತಿಗೆ, ಒಂದು ಕಡೆಯ ಮಾತಿಲ್ಲದೆ ಹೋದರು. ಇದ್ದಿಲಿನ ಶೆಡ್ಡಿನ ಹಿಂದೆ ಹೂತೆವು. ಗೊತ್ತಿರುವುದು ಐದು ಜನಕ್ಕೆ.

ಕಂಪೌಂಡರ್ ಹೇಳಿದರು, ‘ಸುದ್ದಿ ಹೊರಬಿದ್ರೆ ನಾಳೆನೇ ಮುನ್ನೂರು ಜನ ಮನೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ಸಾಯೋಕೆ ಮೇಷ್ಟ್ರಿಗಿನ್ನೂ ಪುರುಸೊತ್ತಿಲ್ಲ. ನೀನು ಬರೀತಾ ಇರು.’

‘ಅತ್ತಿಗೆಗೆ?’ ಎಂದೆ.

‘ಅವರಿಗೇ ಮೊದಲು ಬರಿ. ಹೆಂಡತಿ ಅತ್ತಳು ಅಂದ್ರೆ ಆ ದಡಕ್ಕೆಲ್ಲ ಗೊತ್ತಾಯ್ತು ಅಂತಲೇ.’

ಉಗುಳಲೂ ಆಗದು, ನುಂಗಲೂ ಆಗದು.


ಡಿಸೆಂಬರ್ ೧೬

ಅತ್ತಿಗೆಯವರಿಗೆ,

ಗಾಯ ವಾಸಿಯಾಗಿದೆ. ಬಿಸಿನೀರಿಗೆ ಅಂಜಿದರೂ ನಾನು ಬಿಡಲಿಲ್ಲ. ಮೇಷ್ಟ್ರು ಹೇಳಿದ್ದು: ‘ಚಳಿಗೆ ಕಿಟಕಿ ಹಾಕಿಕೊಂಡು ಹೊಲಿ, ಕಣ್ಣು ಕೆಡಿಸಿಕೊಳ್ಳಬೇಡ, ನನ್ನ ಚಿಂತೆ ಬಿಡು.’

ಅವರಿಗೆ ಕೆಲಸ ಹೆಚ್ಚು. ಇನ್ನು ಮೇಲೆ ಪತ್ರ ಚಿಕ್ಕದಾಗಬಹುದು.

ಮೊಳೆ


ಎರಡನೆಯ ವರ್ಷ, ಫೆಬ್ರವರಿ ೨

ಮೊಳೆ,

ಅಂಗಿ ಬಂತು. ಪತ್ರವನ್ನೂ ಓದಿದೆ, ಅಂಗಿಯನ್ನೂ ನೋಡಿದೆ. ಉತ್ತರ ತಡವಾಯಿತು. ಮೆಷಿನ್ನಿನ ಸೂಜಿ ಮುರಿದಿತ್ತು, ಕೆಲವು ದಿನ ಏನೂ ಹೊಲಿಯಲಾಗಲಿಲ್ಲ.

ಇನ್ನು ಆ ಗಾಯದ ವಿಷಯ ಬರೆಯಬೇಡ. ವಾಸಿಯಾಯಿತು ಎಂದೆಯಲ್ಲ, ಅಷ್ಟು ಸಾಕು.

ನೀನು ಹೊತ್ತಿಗೆ ಸರಿಯಾಗಿ ತಿನ್ನುತ್ತೀಯಾ? ನಿನಗೆ ತಾಯಿ ಇದ್ದಾರಾ? ಅಚ್ಚಿನ ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡ. ಗಂಟಿನಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ಇದೆ. ಮೇಷ್ಟ್ರಿಗೆ ಎಂದುಕೊಳ್ಳಬೇಡ, ಅವರು ಕಾಲುಚೀಲ ಹಾಕುವವರಲ್ಲ.

ಪತ್ರ ಮಾತ್ರ ನಿಲ್ಲಿಸಬೇಡ.

ಅತ್ತಿಗೆ


ಆಗಸ್ಟ್ ೨೧

ಅತ್ತಿಗೆ,

ನಿಮ್ಮ ಕಾಲುಚೀಲ ತೂತಾಗುವಷ್ಟು ಓಡಾಡಿದ್ದೇನೆ. ತಾಯಿ ಇಲ್ಲ, ಕೇಳಿದವರು ನೀವೊಬ್ಬರೇ.

ಇಲ್ಲಿ ಮೇಷ್ಟ್ರ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ. ಇದೇ ತಿಂಗಳು ಮೂರು ಕರಪತ್ರ. ಒಂದೇ ದಿನ ಎರಡು ಊರಿನಲ್ಲಿ ಅವರನ್ನು ನೋಡಿದೆವು ಎಂದು ಆಣೆ ಹಾಕುವವರಿದ್ದಾರೆ. ಅವರ ಮಾತು ನನ್ನ ಕೈಗೆ ಎಷ್ಟು ಒಗ್ಗಿದೆ ಎಂದರೆ, ಈಗ ಅವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಜೋಡಿಸಿ ಮುಗಿಸಿರುತ್ತೇನೆ. ಹೋರಾಟದ ಸಮಿತಿಯಲ್ಲೂ ‘ಮೊಳೆಯನ್ನ ಕೇಳಿದ್ರೆ ಮೇಷ್ಟ್ರನ್ನ ಕೇಳಿದ ಹಾಗೆ’ ಎನ್ನುತ್ತಾರೆ. ಜಂಬ ಅಂದುಕೊಳ್ಳಿ, ಖುಷಿಯಾಗುತ್ತದೆ.

ಅಂಗಿ ಎರಡೂ ಈಗ ಚೆನ್ನಾಗಿ ಕೂರುತ್ತಿವೆ ಎಂದರು ಮೇಷ್ಟ್ರು. ಒಗೆದು ಒಗೆದು ತೋಳು ಕುಗ್ಗಿರಬೇಕು.

ಕಾಲ ಕೆಟ್ಟಿದೆ, ಮೇಷ್ಟ್ರೂ ಸ್ವಲ್ಪ ಬಿಗಿಯಾಗಿದ್ದಾರೆ. ಹಿಡಿದುಕೊಟ್ಟವರಿಗೆ ಇನ್ನು ಮೇಲೆ ಮಾಫಿ ಇಲ್ಲ.

ಮೊಳೆ


ಸೆಪ್ಟೆಂಬರ್ ೧೩

ಮೊಳೆ,

ನಿನ್ನ ಕರಪತ್ರವೊಂದು ಮೀನಿನ ಪೊಟ್ಟಣವಾಗಿ ನಮ್ಮ ಬೀದಿಗೂ ಬಂತು. ಓದಿದೆ. ಮೊದಲ ಕರಪತ್ರದ ಮೊದಲ ಸಾಲು ಇದರಲ್ಲಿಲ್ಲ. ತೆಗೆದವರು ಯಾರು? ಮೇಷ್ಟ್ರನ್ನು ಕೇಳಿ ಹೇಳಬೇಡ, ನೀನೇ ಹೇಳು.

ತೋಳು ಕುಗ್ಗಿದ್ದರೆ ಒಳ್ಳೆಯದೇ.

ಅತ್ತಿಗೆ


ಮೂರನೆಯ ವರ್ಷ, ಜನವರಿ ೧೮

ಮೊಳೆ,

ಈ ಸಲದ ಗಂಟು ಹೇಗೆ ದಾಟುತ್ತದೋ ಗೊತ್ತಿಲ್ಲ. ದಾಟಿದರೆ ಬೇಗ ಓದು.

ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ಗುಮಾಸ್ತ ನನ್ನ ತಮ್ಮ. ಅವನನ್ನು ನಿಮ್ಮವರು ಎತ್ತಿಕೊಂಡು ಹೋಗಿದ್ದಾರೆ. ದೋಣಿ ಇಳಿಯುವಾಗ ನಿಮ್ಮವರಿಬ್ಬರು ಸಿಕ್ಕಿಬಿದ್ದರಲ್ಲ, ಇವನೇ ತೋರಿಸಿಕೊಟ್ಟ ಎಂದು. ಸೈನಿಕರ ಜೊತೆ ಬೀಡಿ ಸೇದುತ್ತಾನೆ, ನಗುತ್ತಾನೆ, ನಿಜ. ನಗದಿದ್ದರೆ ಆ ಕೆಲಸದಲ್ಲಿ ಉಳಿಯುವುದು ಹೇಗೆ?

ಅವನು ಅಂಥವನಲ್ಲ. ಹೇಗೆ ಗೊತ್ತು ಎಂದು ಕೇಳಬೇಡ. ಕಾಗದದಲ್ಲಿ ಬರೆಯುವಂಥದ್ದಲ್ಲ. ಇದು ದಾರಿಯಲ್ಲಿ ಸೈನಿಕರ ಕೈಗೆ ಸಿಕ್ಕಿದರೆ, ನೀವು ಬಿಟ್ಟರೂ ಅವರು ಅವನನ್ನು ಬಿಡುವುದಿಲ್ಲ.

ಮೊಳೆ, ಈ ಒಂದು ಸಲ ಮೇಷ್ಟ್ರನ್ನು ಕೇಳಬೇಡ. ನೀನೇ ಯೋಚಿಸು. ನೀನು ‘ಬಿಡಿ’ ಎಂದು ಬರೆದರೆ ಬಿಡುತ್ತಾರೆ ಎಂದು ನನಗೆ ಗೊತ್ತು. ನಾನು ನಿನ್ನನ್ನು ಕೇಳುತ್ತಿದ್ದೇನೆ, ಅವರನ್ನಲ್ಲ.

ಅತ್ತಿಗೆ


ಜನವರಿ ೨೪

ಅತ್ತಿಗೆ,

ಗಂಟು ಬಂತು. ಈ ಸಲ ಸೀಮೆಸುಣ್ಣದ ಗೀಟಿರಲಿಲ್ಲ, ಬಿಚ್ಚಿ ಚೆಲ್ಲಾಡಿದ್ದರು. ದೇವರ ದಯೆ, ಕಾಲರ್ ಮುಟ್ಟಿರಲಿಲ್ಲ. ಇದನ್ನು ಕಾಲರಿಗೆ ಸೇರಿಸಿದ ಮೇಲೆ ಅಜ್ಜಿ ಅಂಗಿಯನ್ನು ತನ್ನ ಸ್ವೆಟರಿನೊಳಗೆ ತೊಟ್ಟುಕೊಂಡೇ ಬರುತ್ತಾಳೆ.

ನಿಮ್ಮ ಪತ್ರ ಓದಿ ಮೂರು ದಿನ ನಾನು ನಾನಾಗಿರಲಿಲ್ಲ. ಸಿಟ್ಟಿನಲ್ಲಿ ಬರೆದಿದ್ದೀರಿ, ಗಂಡನ ಮೇಲೆ ಮುನಿದು ನನ್ನನ್ನು ಕೇಳಿದ್ದೀರಿ ಎಂದುಕೊಂಡೆ. ಆದರೆ ಮೇಷ್ಟ್ರನ್ನು ಬಿಟ್ಟು ನನ್ನದೆಂಬ ಮಾತು ಎಲ್ಲಿದೆ? ಅವರ ಹೆಸರನ್ನು ನನಗೆ ಬೇಕಾದವರಿಗೆ ಬಳಸಿದರೆ ನಾನೆಂಥ ಮನುಷ್ಯ?

ನಿಮ್ಮ ತಮ್ಮ ಏನು ಕೇಳಿದರೂ ಬಾಯಿ ಬಿಡಲಿಲ್ಲ. ‘ಮೇಷ್ಟ್ರನ್ನ ಕರ್ಕೊಂಡ್ಬನ್ನಿ, ಅವರೊಬ್ಬರಿಗೇ ಹೇಳ್ತೀನಿ’ ಎಂದು ಒಂದೇ ಹಟ. ಮೇಷ್ಟ್ರು ಇರುವ ಜಾಗ ತಿಳಿಯುವುದಕ್ಕೇ ಈ ಆಟ ಎಂದರು ಕಂಪೌಂಡರ್. ಎಲ್ಲರೂ ಹೌದೆಂದರು.

ಮೇಷ್ಟ್ರು ಹೇಳಿದ್ದು: ‘ನನ್ನ ಮನೆಯವರಿಗೊಂದು, ಊರಿನವರಿಗೊಂದು ನ್ಯಾಯ ಮಾಡಲಾರೆ. ನನ್ನನ್ನು ಕ್ಷಮಿಸು.’ ಹೇಳುವಾಗ ಅತ್ತರು, ಅತ್ತಿಗೆ.

ಮೊನ್ನೆ ಬೆಳಿಗ್ಗೆ ಮುಗಿಯಿತು. ಅವನಿಗೆ ನೋವಾಗಲಿಲ್ಲ.

ಮೊಳೆ


ಏಪ್ರಿಲ್ ೬

ಅತ್ತಿಗೆ,

ನಿಮ್ಮಿಂದ ಅಂಗಿ ಬರಲಿಲ್ಲ. ಕಳೆದ ತಿಂಗಳು ದೋಣಿಕಟ್ಟೆಯಲ್ಲಿ ಅಜ್ಜಿಯನ್ನು ಹಿಡಿದರು. ಈಗ ಎಲ್ಲ ಗಂಟನ್ನೂ ಬಿಚ್ಚುತ್ತಾರಂತೆ. ಏಕೆ ಹೀಗಾಯಿತು ಎಂದು ಯಾರಿಗೂ ತಿಳಿಯುತ್ತಿಲ್ಲ.

ನನ್ನ ಹತ್ತಿರ ಉಳಿದಿರುವ ಅಂಗಿಯ ಕಾಲರಿನಲ್ಲಿ ಇದನ್ನು ಇಡುತ್ತೇನೆ. ಯಾರ ಕೈಯಲ್ಲಿ ಕಳಿಸಲಿ?

ಮೊಳೆ


ಯುದ್ಧ ಮುಗಿದ ವರ್ಷ, ಜೂನ್ ೩

ಮೊಳೆ,

ಅಂಚೆ ಮತ್ತೆ ಶುರುವಾಗಿದೆ. ಗಡಿ ದಾಟುವ ಪತ್ರಕ್ಕೆ ಎರಡು ಮುದ್ರೆ ಬೇಕಂತೆ. ಒಂದು ಕಾಲಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ದಾರಿ, ಈಗ ಪರದೇಶ.

ನಿಮ್ಮ ಕಡೆಯಿಂದ ನನಗೊಂದು ಫೋಟೋ ಬಂದಿದೆ. ಚೌಕದಲ್ಲಿ ಮೇಷ್ಟ್ರ ಪ್ರತಿಮೆ. ಯುದ್ಧದ ಕಡೆಯ ವಾರ ಗುಂಡಿಗೆ ಎದೆಯೊಡ್ಡಿದರು ಎಂದು ಕೆಳಗೆ ಕೆತ್ತಿದ್ದಾರೆ. ಬಲಗೈ ಎತ್ತಿ ನಿಂತಿದ್ದಾರೆ. ಮೊಳೆ, ಅವರು ಎಡಚ ಎಂದು ಹೇಳುವವರು ನಿಮ್ಮಲ್ಲಿ ಒಬ್ಬರೂ ಉಳಿಯಲಿಲ್ಲವೆ?

ಅವರು ಮೊದಲ ಚಳಿಗಾಲದಲ್ಲೇ ಹೋದರು. ಗಾಯ ವಾಸಿಯಾಯಿತು ಎಂದು ನೀನು ಬರೆದ ಅಂಗಿಯ ಎಡಗೈ ಕಫ್ಫು ನಾನು ಹೊಲಿದು ಕಳಿಸಿದ ಹಾಗೆಯೇ ಇತ್ತು. ಸವೆದಿದ್ದು ಬಲಗೈಯದು, ಅದರ ತುಂಬ ಅಚ್ಚಿನ ಮಸಿ. ಹೊಟ್ಟೆಯ ಹತ್ತಿರದ ಗುಂಡಿ ಮರಕ್ಕೆ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ದಿನವೆಲ್ಲ ಮೊಳೆಯ ಪೆಟ್ಟಿಗೆಗೆ ಒರಗಿ ನಿಲ್ಲುವವನ ಅಂಗಿ. ತೋಳನ್ನು ಎರಡು ಮಡಿಕೆ ಮೇಲಕ್ಕೆ ಮಡಚಿದ ಗುರುತಿತ್ತು. ಅವತ್ತೇ ನನಗೆ ಗೊತ್ತಾಯಿತು. ಸೂಜಿ ಮುರಿದಿರಲಿಲ್ಲ.

ಅಳಬಾರದು ಎಂದು ನೀವು ಬಯಸಿದ್ದೀರಿ, ನಾನು ಅಳಲಿಲ್ಲ. ಪಕ್ಕದ ಮನೆಯವಳು ‘ಯಜಮಾನ್ರು ಹೇಗಿದಾರೆ?’ ಎಂದರೆ ‘ಚೆನ್ನಾಗಿದಾರೆ’ ಎಂದೆ. ನಾಲ್ಕು ವರ್ಷ ಎಂದೆ. ನೀನು ಚಳಿಯಲ್ಲಿ ಯಾರದೋ ದೊಡ್ಡ ಅಂಗಿ ಹಾಕಿಕೊಂಡು ನನಗಾಗಿ ಸುಳ್ಳು ಬರೆಯುತ್ತಿದ್ದೀಯ ಎಂದುಕೊಂಡು ಆ ಕಾಲುಚೀಲ ಹೆಣೆದೆ. ತೋಳು ತಾನಾಗಿ ಕುಗ್ಗಲಿಲ್ಲ, ಮೊಳೆ. ಸವೆದ ಜಾಗ ನೋಡಿ ಅಳತೆ ಹಿಡಿದು, ಪ್ರತಿ ಸಲ ಸ್ವಲ್ಪ ಸ್ವಲ್ಪ ನಾನೇ ಕಡಿಮೆ ಮಾಡಿದೆ.

ಈಗ ನನ್ನ ತಮ್ಮನ ಮಾತು. ಗಂಟಿನ ಮೇಲೆ ಗೀಟು ಎಳೆಯುತ್ತಿದ್ದವನು ಅವನು. ‘ಆ ಕೆಲಸ ಬಿಡಬೇಡ, ಸೈನಿಕರ ಜೊತೆ ನಗುತ್ತಿರು, ನನ್ನ ಹೊರತು ಯಾರಿಗೂ ಹೇಳಬೇಡ’ ಎಂದು ಅವನನ್ನು ಅಲ್ಲಿ ಕೂರಿಸಿದವರು ಮೇಷ್ಟ್ರು. ನನ್ನ ಎದುರಿಗೇ ಹೇಳಿದ್ದರು. ಅವನು ಹೇಳಲಿಲ್ಲ. ನಾನೂ ಬರೆಯಲಿಲ್ಲ. ಸತ್ತವರ ನಿಯಮವನ್ನು ನಾವು ಮೂವರೂ ಎಷ್ಟು ಚೆನ್ನಾಗಿ ಪಾಲಿಸಿದೆವು ನೋಡು.

ಮೇಷ್ಟ್ರು ಬದುಕಿದ್ದರೆ ನದಿ ಗಡಿಯಾಗುತ್ತಿರಲಿಲ್ಲ, ದೇಶ ಎರಡಾಗುತ್ತಿರಲಿಲ್ಲ ಎನ್ನುವವರು ಈ ದಡದಲ್ಲೂ ಇದ್ದಾರೆ. ಸತ್ತದ್ದು ಯಾವಾಗ ಎಂದು ಅವರಿಗೇನು ಗೊತ್ತು. ನಾನು ಅಷ್ಟು ದೊಡ್ಡದಾಗಿ ಯೋಚಿಸಲಾರೆ. ಬದುಕಿದ್ದರೆ ಅವರು ತಮ್ಮನನ್ನು ಮುಂದೆ ಕೂರಿಸಿಕೊಂಡು, ಕಿವಿ ಹಿಂಡಿ, ‘ಏಳೋ, ನಿಮ್ಮಕ್ಕ ಕಾಯ್ತಿದಾಳೆ’ ಎನ್ನುತ್ತಿದ್ದರು. ಅವನು ಈಗ ನನ್ನ ಎದುರಿಗೆ ಕೂತು ಟೀ ಆರಿಸಿಕೊಳ್ಳುತ್ತಿದ್ದ. ನನ್ನ ಇತಿಹಾಸ ಇಷ್ಟೇ.

ನಾನು ನಿನ್ನನ್ನು ಕೇಳಿದ್ದೆ, ಮೊಳೆ. ನೀನು ಸತ್ತವರನ್ನು ಕೇಳಿ ಉತ್ತರ ಬರೆದೆ.


ಜುಲೈ ೧೧

ಅತ್ತಿಗೆ ಎಂದು ಕರೆಯಬಹುದೋ ಇಲ್ಲವೋ ತಿಳಿಯದು.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ. ಗೀಟಿಲ್ಲದ ಗಂಟು ಕಣ್ಣೆದುರಿಗೆ ಬಂದು ಬಿದ್ದರೂ ನನಗೆ ಹೊಳೆಯಲಿಲ್ಲ. ಅನುಮಾನ ಬಂದವನನ್ನು ಮೇಷ್ಟ್ರ ಮುಂದೆ ಕೂರಿಸಿ ಎಂಬ ಸಾಲನ್ನು ತೆಗೆದವನೂ ನಾನೇ. ಕೂರಿಸುವುದಾದರೆ ಮೇಷ್ಟ್ರನ್ನು ಎಲ್ಲಿಂದ ತರುವುದು? ಅದಕ್ಕೇ ತೆಗೆದೆ. ನೀವು ಕೇಳಿದಾಗ ಉತ್ತರ ಕೊಡಲಿಲ್ಲ.

ಒಂದನ್ನು ಮುಚ್ಚಿಟ್ಟಿದ್ದೇನೆ. ತೀರ್ಪನ್ನು ಪ್ರೆಸ್ಸಿನ ನೆಲಮಾಳಿಗೆಗೆ ತೆಗೆದುಕೊಂಡು ಹೋಗಿ ನಿಮ್ಮ ತಮ್ಮನಿಗೆ ಓದಿ ಹೇಳಿದವನು ನಾನು. ಬಂಡಲುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತಿದ್ದ. ಕಂಪೌಂಡರ್ ಬಾಗಿಲಲ್ಲಿ ನಿಂತಿದ್ದರು.

‘ಇದು ಮೇಷ್ಟ್ರೇ ಹೇಳಿದ್ದಾ?’ ಎಂದ.

‘ಹೌದು’ ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ಅಂಗಿ ನೋಡಿದ. ನಿಮ್ಮ ಕಡೆಯ ಗಂಟಿನಲ್ಲಿ ಬಂದ ಅಂಗಿ, ಮುಂದಿನ ಸರದಿಗೆ ಕೊಳೆಯಾಗಲಿ ಎಂದು ನಾನೇ ಹಾಕಿಕೊಂಡಿದ್ದೆ. ಕೈ ಚಾಚಿ ನನ್ನ ತೋಳಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

ಆಮೇಲೆ ಮೆಲ್ಲಗೆ, ‘ಅಂಗಿ ನಿಮಗೆ ಚೆನ್ನಾಗಿ ಕೂತಿದೆ’ ಎಂದ.

ಅಷ್ಟೇ. ಮತ್ತೆ ಮೇಷ್ಟ್ರನ್ನು ಕರೆಯಿರಿ ಎನ್ನಲಿಲ್ಲ. ಭಯಕ್ಕೆ ಏನೋ ಮಾತಾಡಿದ ಎಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಗೊತ್ತಾಯಿತು, ಅಕ್ಕನ ಹೊಲಿಗೆ ಅವನಿಗೆ ಗುರುತು ಸಿಕ್ಕಿತ್ತು. ಮೇಷ್ಟ್ರ ಅಂಗಿಯನ್ನು ನನ್ನ ಅಳತೆಗೆ ನೀವು ಇಳಿಸಿದ್ದೀರಿ ಎಂದರೆ ಮೇಷ್ಟ್ರು ಇಲ್ಲ, ಅದು ನಿಮಗೂ ಗೊತ್ತು ಎಂದು ಅವನಿಗೆ ಅರ್ಥವಾಗಿತ್ತು. ತನ್ನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ ಎಂದೂ. ಒಂದು ಮಾತು ಹೇಳಿದ್ದರೆ ನಿಮ್ಮ ಗುಟ್ಟೂ ಹೊರಬೀಳುತ್ತಿತ್ತು. ಹೇಳಲಿಲ್ಲ.

ಇನ್ನೂ ಒಂದು. ನೋವಾಗಲಿಲ್ಲ ಎಂದು ಬರೆದಿದ್ದೆ. ನಾನು ಅಲ್ಲಿ ನಿಲ್ಲಲಿಲ್ಲ. ನನಗೆ ಗೊತ್ತಿಲ್ಲ.

ಆ ಅಂಗಿ ಇನ್ನೂ ನನ್ನ ಹತ್ತಿರವಿದೆ. ಹಾಕಿಕೊಳ್ಳುವುದಿಲ್ಲ, ಎಸೆಯಲೂ ಆಗಿಲ್ಲ.

ಮೊಳೆ


ಸೆಪ್ಟೆಂಬರ್ ೨

ಮೊಳೆ,

ಈ ಪಾರ್ಸೆಲಿನಲ್ಲಿ ಒಂದು ಅಂಗಿ ಇದೆ. ಯಾರದನ್ನೂ ಇಳಿಸಿದ್ದಲ್ಲ, ಹೊಸ ಬಟ್ಟೆ, ನಿನ್ನ ಅಳತೆಗೆ ಕತ್ತರಿಸಿದ್ದು. ಬಲಗೈ ಕಫ್ಫಿಗೆ ಎರಡು ಪದರ ಕೊಟ್ಟಿದ್ದೇನೆ. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಚಳಿಗಾಲ ಬರುತ್ತಿದೆ, ಅಷ್ಟೇ.

ಮೇಷ್ಟ್ರ ಅಂಗಿಯನ್ನು ವಾಪಸ್ ಕಳಿಸು. ಒಗೆಯಬೇಡ. ತೋಳಿನ ಅಂಚನ್ನು ಮುಟ್ಟಬೇಡ. ನನ್ನ ತಮ್ಮ ಕಡೆಗೆ ಕೈಯಿಟ್ಟದ್ದು ಅಲ್ಲಿ.

ಕಾಲರಿನಲ್ಲಿ ಏನನ್ನೂ ಇಡಬೇಡ.